ಆಲ್ಫ್ರೆಡ್ ಹಿಚ್‌ಕಾಕನ ಚರಿತ್ರೆ

ಪಾತಕದ ಕಥೆಗಳನ್ನು ಚಿತ್ರಪಟಗಳಾಗಿ ರಚಿಸಿ ಲೋಕಪ್ರಸಿದ್ಧನಾದವನೊಬ್ಬನ ಚರಿತ್ರೆಯನ್ನು ಹೆಣ್ಣುಮಕ್ಕಳ ಶಾಲೆಯ ಸ್ಮರಣ ಸಂಚಿಕೆಯಲ್ಲಿ ಕಂಡು ನಮ್ಮ ವಾಚಕರಲ್ಲಿ ಕೆಲವರು, ವಿಶೇಷವಾಗಿ ತಾಯಿತಂದೆಗಳು, ಆಶ್ಚರ್ಯಪಡಬಹುದು. ಸಿನಿಮಾ ನೋಡುವುದೇ ಹೊತ್ತುಗೇಡು, ಅದರಲ್ಲಿಯೂ ಕೊಲೆಯ ಸಿನಿಮಾ ನೋಡುವುದು ಬುದ್ಧಿಗೇಡು ಎಂದು ಹೇಳುವವರು ಇಂದಿಗೂ ಉಂಟು. ಅವರ ಮಾತಿನಲ್ಲಿ ಹುರುಳೇ ಇಲ್ಲವೆಂದು ನಾವು ಹೇಳಲಾರೆವು. ಆದರೆ ನಮ್ಮ ಮಕ್ಕಳು ಇಂಥ ಚಿತ್ರಗಳನ್ನು ನೋಡಿಯೇ ನೋಡುತ್ತಾರೆ. ನೋಡಿದ ರಾತ್ರಿ ದೀಪವಾರಿಸಲು ಹಿಂಜರಿಯುತ್ತಾರೆ. ಹೆದರಿಸಿದ್ದು ಯಾವುದೆಂದು ಕೇಳಿದರೆ ಮಾತ್ರ ಹೇಳಲು ತಿಳಿಯದೆ ಸುಮ್ಮನಾಗುತ್ತಾರೆ. ಬಡಗಿಯು ಮರವನ್ನು ಅಳೆದು ಕೊಯ್ದು ಜೋಡಿಸುವಂತೆ ಹೆದರಿಕೆಯನ್ನು ಅಳೆದು ಕೊಯ್ದು ಜೋಡಿಸಿದವನ ಚರಿತ್ರೆಯನ್ನು ಓದಿದರೆ ಆ ಪ್ರಶ್ನೆಗೆ ಉತ್ತರವು ದೊರೆಯುವುದು. ಇದಲ್ಲದೆ, ಹೆಸರು ಅಷ್ಟಾಗಿ ಹೊರಬೀಳದೆ ಆತನ ಕೆಲಸದ ಭಾರವನ್ನು ಐವತ್ತು ವರುಷಗಳ ಕಾಲ ಹಂಚಿಕೊಂಡ ಒಬ್ಬ ಸ್ತ್ರೀಯ ಚರಿತ್ರೆಯೂ ಇದರೊಳಗೆ ಅಡಗಿದೆ. ನಮ್ಮ ಪೂರ್ವವಿದ್ಯಾರ್ಥಿನಿಯರು ಅದನ್ನು ಗಮನಿಸಬೇಕೆಂಬುದು ನಮ್ಮ ಆಶೆ.

ಆಲ್ಫ್ರೆಡ್ ಹಿಚ್‌ಕಾಕನು ೧೮೯೯ನೆಯ ಇಸವಿ ಆಗಸ್ಟ್ ತಿಂಗಳ ೧೩ನೆಯ ತಾರೀಖಿನಲ್ಲಿ ಲಂಡನಿನ ಅಂಚಿನಲ್ಲಿದ್ದ ಲೇಟನ್‌ಸ್ಟೋನ್ ಎಂಬ ಊರಿನಲ್ಲಿ ಹುಟ್ಟಿದನು. ತಂದೆಯಾದ ವಿಲಿಯಮನು ತರಕಾರಿ, ಹಣ್ಣು, ಕೋಳಿಗಳ ವ್ಯಾಪಾರಿ. ತಾಯಿಯ ಹೆಸರು ಎಮ್ಮಾ. ಮೂರು ಮಕ್ಕಳಲ್ಲಿ ಇವನೇ ಕಿರಿಯನು. ಕುಟುಂಬವು ರೋಮನ್ ಕಥೋಲಿಕ ಮತಕ್ಕೆ ಸೇರಿದ್ದು. ದೇಹದಲ್ಲಿ ಸ್ಥೂಲ, ಸ್ವಭಾವದಲ್ಲಿ ಏಕಾಂತಪ್ರಿಯ. ಒಡನಾಡಿಗಳೊಡನೆ ಆಡುವುದಕ್ಕಿಂತ ಒಂದು ಮೂಲೆಯಲ್ಲಿ ನಿಂತು ನೋಡುವುದೇ ಅವನಿಗೆ ಇಷ್ಟ. ಮುಂದೆ ದೊಡ್ಡವನಾದ ಮೇಲೆ ಅವನು ಒಂದು ಸಂಗತಿಯನ್ನು ಪದೇಪದೇ ಹೇಳುತ್ತಿದ್ದನು. ಚಿಕ್ಕಂದಿನಲ್ಲಿ ಏನೋ ತಪ್ಪು ಮಾಡಿದ್ದಕ್ಕಾಗಿ ತಂದೆಯು ಒಂದು ಚೀಟಿಯನ್ನು ಕೈಯಲ್ಲಿ ಕೊಟ್ಟು ಪೊಲೀಸು ಠಾಣೆಗೆ ಕಳುಹಿಸಿದನಂತೆ. ಅಲ್ಲಿಯ ಅಧಿಕಾರಿಯು ಚೀಟಿಯನ್ನು ಓದಿ ಹುಡುಗನನ್ನು ಕೆಲವು ನಿಮಿಷ ಕೋಣೆಯೊಳಗೆ ಕೂಡಿ ಬಾಗಿಲಿಗೆ ಬೀಗ ಹಾಕಿದನಂತೆ. ಈ ಕಥೆಯು ಎಷ್ಟರ ಮಟ್ಟಿಗೆ ನಡೆದದ್ದು, ಎಷ್ಟರ ಮಟ್ಟಿಗೆ ಬೆಳೆದದ್ದು ಎಂದು ವಿಚಾರಿಸುವ ಅಗತ್ಯವಿಲ್ಲ. ಪೊಲೀಸರ ಭಯವು ತನ್ನನ್ನು ಜೀವಮಾನವೆಲ್ಲ ಬಿಡಲಿಲ್ಲವೆಂದು ಅವನೇ ಹೇಳಿಕೊಂಡಿರುವನು. ಅವನ ಚಿತ್ರಗಳಲ್ಲಿ ತಪ್ಪಿಲ್ಲದೆ ತಪ್ಪಿತಸ್ಥನೆನಿಸಿಕೊಂಡು ಓಡುವ ಮನುಷ್ಯನು ಮತ್ತೆ ಮತ್ತೆ ಬರುವುದನ್ನು ನೋಡಿದರೆ ನಂಬದೆ ಇರುವುದಕ್ಕೆ ಕಾರಣವೂ ಇಲ್ಲ.

ಇದಕ್ಕಿಂತ ನಮಗೆ ಮುಖ್ಯವಾಗಿ ತೋರುವುದು ಅವನ ಶಾಲೆಯ ಸಂಗತಿ. ಜೆಸ್ವಿತ್ ಪಾದ್ರಿಗಳು ನಡೆಸುತ್ತಿದ್ದ ಸಂತ ಇಗ್ನೇಷಿಯಸ್ ವಿದ್ಯಾಶಾಲೆಯಲ್ಲಿ ಅವನು ಓದಿದನು. ಅಲ್ಲಿ ತಪ್ಪು ಮಾಡಿದ ಹುಡುಗರಿಗೆ ಗಟ್ಟಿ ರಬ್ಬರಿನ ಪಟ್ಟಿಯಿಂದ ಅಂಗೈಗೆ ಹೊಡೆಯುವ ಪದ್ಧತಿಯಿತ್ತು. ಆದರೆ ಏಟು ಕೂಡಲೆ ಬೀಳುತ್ತಿರಲಿಲ್ಲ. ಯಾವಾಗ ಹೋಗಿ ಶಿಕ್ಷೆಯನ್ನು ಪಡೆಯಬೇಕೆಂಬುದನ್ನು ಹುಡುಗನೇ ಗೊತ್ತುಮಾಡಿಕೊಳ್ಳಬೇಕಾಗಿತ್ತು. ಸಾಧಾರಣವಾಗಿ ಹುಡುಗರು ಅದನ್ನು ಸಾಯಂಕಾಲಕ್ಕೆ ಮುಂದೂಡುತ್ತಿದ್ದರು; ಮುಂದೂಡಿ ದಿನವೆಲ್ಲ ಅದನ್ನೇ ನೆನೆದು ಬೆವರುತ್ತಿದ್ದರು. ಏಟಿಗಿಂತ ಏಟನ್ನು ಕಾಯುವ ಹೊತ್ತೇ ಕ್ರೂರವೆಂಬ ಪಾಠವನ್ನು ಹಿಚ್‌ಕಾಕನು ಯಾವ ಪುಸ್ತಕದಿಂದಲೂ ಕಲಿಯಬೇಕಾಗಿ ಬರಲಿಲ್ಲ. ಅವನ ಮುಂದಿನ ಕಲೆಯೆಲ್ಲವೂ ಈ ಕಾಯುವಿಕೆಯ ಸುತ್ತಲೇ ಬೆಳೆಯಿತು.

೧೯೧೪ರಲ್ಲಿ ತಂದೆಯು ತೀರಿಕೊಂಡನು. ಹುಡುಗನು ವಿದ್ಯುತ್ ತಂತಿಗಳನ್ನು ತಯಾರಿಸುವ ಹೆನ್ಲಿ ಎಂಬ ಕಂಪನಿಯಲ್ಲಿ ಕೆಲಸಕ್ಕೆ ಸೇರಿದನು. ರಾತ್ರಿಯ ತರಗತಿಗಳಲ್ಲಿ ಚಿತ್ರ ಬರೆಯುವುದನ್ನು ಅಭ್ಯಾಸಮಾಡಿ, ಕೆಲಕಾಲದ ತರುವಾಯ ಅದೇ ಕಂಪನಿಯ ಜಾಹೀರಾತು ವಿಭಾಗಕ್ಕೆ ಹೋದನು. ೧೯೨೦ರಲ್ಲಿ ಅಮೆರಿಕದ ಒಂದು ಚಿತ್ರ ಕಂಪನಿಯು ಲಂಡನಿನ ಇಸ್ಲಿಂಗ್ಟನ್ ಎಂಬಲ್ಲಿ ಸ್ಟುಡಿಯೋ ತೆರೆಯಿತು. ಅದು ಮೂಕಚಿತ್ರಗಳ ಕಾಲ. ಪಾತ್ರಗಳ ಮಾತನ್ನೂ ಕಥೆಯ ವಿವರವನ್ನೂ ಹಲಗೆಗಳ ಮೇಲೆ ಬರೆದು ನಡುನಡುವೆ ತೋರಿಸಬೇಕಾಗಿತ್ತು. ಹಿಚ್‌ಕಾಕನು ತಾನು ಬರೆದ ಮಾದರಿಗಳನ್ನು ಹಿಡಿದುಕೊಂಡು ಹೋಗಿ ಆ ಕೆಲಸವನ್ನು ಸಂಪಾದಿಸಿದನು. ದುಂದಿನ ಜೀವನ ನಡೆಸುವವನ ವಿಷಯ ಬರೆಯಬೇಕಾದಾಗ ಅಕ್ಷರಗಳ ಕೆಳಗೆ ಎರಡು ತುದಿಯಲ್ಲಿಯೂ ಉರಿಯುವ ಮೇಣದಬತ್ತಿಯನ್ನು ಬರೆದಿಡುತ್ತಿದ್ದನಂತೆ. ಮಾತು ಹೇಳುವುದನ್ನು ವಸ್ತುವಿನಿಂದ ಹೇಳಿಸುವ ಅಭ್ಯಾಸವು ಅಲ್ಲಿಯೇ ಮೊದಲಾಯಿತು.

ಆ ಸ್ಟುಡಿಯೋದಲ್ಲಿ ಆಲ್ಮಾ ರೆವಿಲ್ ಎಂಬ ಯುವತಿಯಿದ್ದಳು. ನಾಟಿಂಗ್‌ಹ್ಯಾಮಿನಲ್ಲಿ ಹುಟ್ಟಿದ ಈಕೆಯು ವಯಸ್ಸಿನಲ್ಲಿ ಹಿಚ್‌ಕಾಕನಿಗಿಂತ ಒಂದೇ ದಿನ ಕಿರಿಯಳು. ಕಸುಬಿನಲ್ಲಿ ಮಾತ್ರ ಹಲವು ವರುಷ ಹಿರಿಯಳು. ಹದಿಹರೆಯದಲ್ಲಿಯೇ ಸ್ಟುಡಿಯೋ ಸೇರಿ ಫಿಲ್ಮನ್ನು ಕತ್ತರಿಸಿ ಜೋಡಿಸುವ ಕೆಲಸವನ್ನು ಕಲಿತಿದ್ದಳು. ಒಂದು ದೃಶ್ಯದಲ್ಲಿ ಬಲಗೈಯಲ್ಲಿದ್ದ ಲೋಟವು ಮುಂದಿನ ತುಂಡಿನಲ್ಲಿ ಎಡಗೈಗೆ ಹೋಗದಂತೆ ನೋಡಿಕೊಳ್ಳುವ ಕಣ್ಣು ಆಕೆಯದು. ತಾನು ಸಹಾಯಕ ನಿರ್ದೇಶಕನಾಗುವ ವರೆಗೂ ಹಿಚ್‌ಕಾಕನು ಆಕೆಯನ್ನು ಮಾತನಾಡಿಸಲಿಲ್ಲ. ತನಗಿಂತ ಮೇಲಿನ ಸ್ಥಾನದಲ್ಲಿದ್ದವಳನ್ನು ತಾನಾಗಿ ಮಾತನಾಡಿಸುವುದು ಸಂಕೋಚಕರವಾಗಿತ್ತಂತೆ.

೧೯೨೪ರಲ್ಲಿ ಇಬ್ಬರೂ ಕೆಲಸದ ಮೇಲೆ ಜರ್ಮನಿಗೆ ಹೋದರು. ಬರ್ಲಿನಿನ ಸಮೀಪದ ಸ್ಟುಡಿಯೋದಲ್ಲಿ ಆಗ ಮುರ್ನೌ ಎಂಬ ಮಹಾನಿರ್ದೇಶಕನು ತನ್ನ ‘ಕೊನೆಯ ಮನುಷ್ಯ’ ಎಂಬ ಚಿತ್ರವನ್ನು ತೆಗೆಯುತ್ತಿದ್ದನು. ಹಲಗೆಯ ಬರಹಗಳ ಆಧಾರವಿಲ್ಲದೆ, ಬರೀ ದೃಶ್ಯಗಳಿಂದಲೇ ಕಥೆ ಹೇಳುವ ಚಿತ್ರವದು. ಕ್ಯಾಮೆರಾವು ಒಂದೇ ಕಡೆ ನಿಂತು ನಾಟಕ ನೋಡುವ ಪ್ರೇಕ್ಷಕನಂತಿರದೆ, ಪಾತ್ರದ ಹಿಂದೆ ನಡೆಯುತ್ತಲೂ ಅವನ ಕಣ್ಣಿನಿಂದ ನೋಡುತ್ತಲೂ ಇತ್ತು. ದೀಪಗಳನ್ನು ಮುಖ ಕಾಣಲೆಂದು ಇಡುವುದರ ಬದಲು ಮುಖದ ಒಂದು ಪಾಲು ಕಾಣದಿರಲೆಂದು ಇಡುತ್ತಿದ್ದರು. ತರುಣ ಹಿಚ್‌ಕಾಕನು ಬಿಡುವಾದಾಗಲೆಲ್ಲ ಅಲ್ಲಿ ನಿಂತು ನೋಡಿದನು. ಇಂಗ್ಲೆಂಡಿಗೆ ಹಿಂದಿರುಗುವ ಹಡಗಿನಲ್ಲಿ, ಆಲ್ಮಾ ಸಮುದ್ರದ ಓಲಾಟದಿಂದ ತಲೆಯೆತ್ತಲಾರದೆ ಮಲಗಿದ್ದ ಸಮಯದಲ್ಲಿ, ವಿವಾಹದ ಪ್ರಸ್ತಾಪ ಮಾಡಿದನಂತೆ. ೧೯೨೬ರ ದಶಂಬರ ೨ರಂದು ಅವರ ವಿವಾಹವು ನಡೆಯಿತು. ೧೯೨೮ರಲ್ಲಿ ಪ್ಯಾಟ್ರಿಷಿಯಾ ಎಂಬ ಒಬ್ಬಳೇ ಮಗಳು ಹುಟ್ಟಿದಳು.

ವಿವಾಹದ ವರುಷದಲ್ಲಿಯೇ ತೆಗೆದು ೧೯೨೭ರಲ್ಲಿ ತೆರೆಕಂಡ ‘ದ ಲಾಡ್ಜರ್’, ಎಂದರೆ ‘ಬಿಡಾರದವನು’, ಎಂಬ ಚಿತ್ರದಿಂದ ಹಿಚ್‌ಕಾಕನ ಹೆಸರು ಊರೂರಿಗೆ ಹಬ್ಬಿತು. ಮಂಜು ಮುಸುಕಿದ ಲಂಡನಿನಲ್ಲಿ ಹೊಂಗೂದಲಿನ ಹೆಣ್ಣುಮಕ್ಕಳನ್ನು ಯಾವನೋ ಕೊಲ್ಲುತ್ತಿರುವನು. ಅದೇ ದಿನಗಳಲ್ಲಿ ಒಂದು ಸಂಭಾವಿತ ಮನೆಯ ಮೇಲಂತಸ್ತಿಗೆ ಮುಖಕ್ಕೆ ವಸ್ತ್ರ ಸುತ್ತಿಕೊಂಡ ಅಪರಿಚಿತನೊಬ್ಬನು ಬಾಡಿಗೆಗೆ ಬರುವನು. ಅವನು ತನ್ನ ಕೋಣೆಯಲ್ಲಿ ಹಿಂದಕ್ಕೂ ಮುಂದಕ್ಕೂ ನಡೆದಾಡುವುದು ಕೆಳಗಿನವರಿಗೆ ಕೇಳಬೇಕು. ಮೂಕಚಿತ್ರದಲ್ಲಿ ಹೆಜ್ಜೆಯ ಸದ್ದನ್ನು ಕೇಳಿಸುವುದು ಹೇಗೆ? ಹಿಚ್‌ಕಾಕನು ಒಂದಂಗುಲ ದಪ್ಪದ ಗಾಜಿನ ನೆಲವನ್ನು ಮಾಡಿಸಿ, ನಟನನ್ನು ಅದರ ಮೇಲೆ ನಡೆಸಿ, ಕೆಳಗಿನಿಂದ ಚಿತ್ರ ತೆಗೆಸಿದನು. ಮನೆಯವರು ತಲೆಯೆತ್ತಿ ನೋಡುತ್ತಾರೆ. ಮಾಡಿನ ತೂಗುದೀಪವು ಅಲುಗುತ್ತದೆ. ಮಾಡು ಕರಗಿ ಪಾರದರ್ಶಕವಾಗಿ ಎರಡು ಪಾದಗಳು ಅತ್ತಿತ್ತ ಹೋಗುತ್ತವೆ. ಇನ್ನೊಂದು ಕಡೆ, ನಡುರಾತ್ರಿಯಲ್ಲಿ ಅವನು ಮೆಟ್ಟಲಿಳಿದು ಹೋಗುವಾಗ ನಾವು ಮೇಲಿನಿಂದ ನೋಡುತ್ತೇವೆ. ಸುರುಳಿಯಾಗಿ ಇಳಿಯುವ ಕಟಕಟೆಯ ಮೇಲೆ ಜಾರುತ್ತ ಹೋಗುವ ಒಂದು ಕೈ ಮಾತ್ರ ಕಾಣುತ್ತದೆ. ಕೈ ಒಂದನ್ನೇ ಕಂಡವನು ಉಳಿದ ಮನುಷ್ಯನನ್ನು ತಾನೇ ಕಲ್ಪಿಸಿಕೊಳ್ಳಬೇಕಾಗುತ್ತದೆ. ನಮ್ಮ ಕಲ್ಪನೆಯು ಯಾವಾಗಲೂ ನಿಜಕ್ಕಿಂತ ಕೆಟ್ಟವನನ್ನೇ ತಂದು ನಿಲ್ಲಿಸುತ್ತದೆ. ಕಥೆಯ ಕೊನೆಯಲ್ಲಿ ಆ ಬಿಡಾರದವನು ನಿರಪರಾಧಿ ಎಂದು ತಿಳಿದಾಗ ನಾಚಬೇಕಾದವರು ಪ್ರೇಕ್ಷಕರೇ.

ಎರಡು ವರುಷಗಳಲ್ಲಿ ಚಿತ್ರಗಳಿಗೆ ಮಾತು ಬಂತು. ೧೯೨೯ರಲ್ಲಿ ‘ಬ್ಲ್ಯಾಕ್‌ಮೇಲ್’ ಎಂಬ ಚಿತ್ರವನ್ನು ಮೂಕಚಿತ್ರವಾಗಿ ಆರಂಭಿಸಿದ್ದ ಹಿಚ್‌ಕಾಕನು ನಡುವಿನಲ್ಲಿ ಅದನ್ನು ವಾಕ್ಚಿತ್ರವನ್ನಾಗಿ ಮಾರ್ಪಡಿಸಿದನು. ಬ್ರಿಟನ್ನಿನ ಮೊದಲ ಪೂರ್ಣ ವಾಕ್ಚಿತ್ರವೆಂದು ಸಾಮಾನ್ಯವಾಗಿ ಇದನ್ನೇ ಹೇಳುವರು. ಆ ಕಾಲದ ತೊಡಕುಗಳನ್ನು ಈಗಿನವರು ಊಹಿಸಲಾರರು. ಕ್ಯಾಮೆರಾದ ಗರಗರ ಸದ್ದು ಧ್ವನಿಗ್ರಹಣದಲ್ಲಿ ಸೇರಬಾರದೆಂದು ಅದನ್ನೂ ಅದರ ಕೆಲಸಗಾರನನ್ನೂ ಮುಚ್ಚಿದ ಗೂಡಿನೊಳಗೆ ಕೂಡಿಸಬೇಕಾಗಿತ್ತು. ಒಬ್ಬರ ಬಾಯಿಗೆ ಇನ್ನೊಬ್ಬರ ಧ್ವನಿಯನ್ನು ಆಮೇಲೆ ಜೋಡಿಸುವ ಉಪಾಯವಿರಲಿಲ್ಲ. ನಾಯಕಿಯಾದ ಆನಿ ಓಂಡ್ರಾ ಎಂಬವಳ ಇಂಗ್ಲಿಷು ಉಚ್ಚಾರವು ಲಂಡನಿನ ಅಂಗಡಿಯವನ ಮಗಳಿಗೆ ಒಪ್ಪುತ್ತಿರಲಿಲ್ಲವಾದುದರಿಂದ, ಜೋನ್ ಬ್ಯಾರಿ ಎಂಬ ಇನ್ನೊಬ್ಬ ನಟಿಯು ಕ್ಯಾಮೆರಾಕ್ಕೆ ಕಾಣದಂತೆ ಪಕ್ಕದಲ್ಲಿ ನಿಂತು ಮಾತನಾಡುತ್ತಿದ್ದಳು; ಓಂಡ್ರಾ ಬಾಯಿ ಅಲುಗಿಸುತ್ತಿದ್ದಳು.

ಅಷ್ಟೆಲ್ಲ ಇಕ್ಕಟ್ಟಿನೊಳಗೆ ಅವನು ಮಾಡಿದ ಒಂದು ಕೆಲಸವನ್ನು ನಾವು ಸ್ವಲ್ಪ ವಿಸ್ತಾರವಾಗಿ ಹೇಳಬಯಸುತ್ತೇವೆ. ಅಂಗಡಿಯವನ ಮಗಳು ತನ್ನ ಮೇಲೆ ಬಲಾತ್ಕಾರಕ್ಕೆ ಬಂದವನೊಬ್ಬನನ್ನು ಕೈಗೆ ಸಿಕ್ಕಿದ ರೊಟ್ಟಿಯ ಚೂರಿಯಿಂದ ಕೊಂದು, ರಾತ್ರಿಯೆಲ್ಲ ಬೀದಿ ಅಲೆದು, ಯಾರಿಗೂ ತಿಳಿಯದಂತೆ ಮನೆ ಸೇರಿರುವಳು. ಬೆಳಿಗ್ಗೆ ತಾಯಿತಂದೆಗಳೊಡನೆ ಉಪಾಹಾರಕ್ಕೆ ಕುಳಿತಿರುವಾಗ ನೆರೆಯ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತು ಹಿಂದಿನ ರಾತ್ರಿಯ ಕೊಲೆಯನ್ನು ಕುರಿತು ಬಾಯಿ ಬಿಡದೆ ಮಾತಾಡುತ್ತಾಳೆ. ಕ್ಯಾಮೆರಾವು ಹುಡುಗಿಯ ಮುಖದ ಮೇಲೆಯೇ ನಿಂತಿದೆ. ಹೆಂಗಸಿನ ಮಾತು ಮೆಲ್ಲಮೆಲ್ಲನೆ ಅಸ್ಪಷ್ಟವಾಗಿ ಬರೀ ಗುಜುಗುಜು ಆಗುತ್ತದೆ. ಅದರ ನಡುವೆ ಚೂರಿ ಎಂಬ ಒಂದೇ ಶಬ್ದವು ಮತ್ತೆ ಮತ್ತೆ ಸ್ಪಷ್ಟವಾಗಿ, ಬರಬರುತ್ತ ಗಟ್ಟಿಯಾಗಿ, ಇರಿದಂತೆ ಕೇಳುತ್ತದೆ. ಆ ಕ್ಷಣದಲ್ಲಿ ತಂದೆಯು ರೊಟ್ಟಿ ಕೊಯ್ದುಕೊಡೆಂದು ಮಗಳಿಗೆ ಹೇಳುತ್ತಾನೆ. ಆಕೆಯ ಕೈ ಚೂರಿಯ ಕಡೆಗೆ ಹೋಗುತ್ತದೆ. ಆ ಶಬ್ದವು ಕೂಗಿನಂತೆ ಕೇಳುತ್ತದೆ. ಚೂರಿಯು ಕೈಯಿಂದ ಹಾರಿಬೀಳುತ್ತದೆ. ತಂದೆಗೆ ಇದೆಲ್ಲ ಏನೆಂದೇ ತಿಳಿಯದು. ಅಲ್ಲಿ ಕೊಲೆಯಿಲ್ಲ, ರಕ್ತವಿಲ್ಲ. ಇರುವುದು ರೊಟ್ಟಿ, ಚಹದ ಬಟ್ಟಲು ಮತ್ತು ನೆರೆಯವಳ ಹರಟೆ. ಧ್ವನಿಯೆಂಬುದು ಕೇಳಿದ್ದೆಲ್ಲವನ್ನೂ ಕೇಳಿಸುವ ಯಂತ್ರವಾಗಿ ಮಾತ್ರ ಇತರರಿಗೆ ತೋರುತ್ತಿದ್ದ ಕಾಲದಲ್ಲಿ, ಒಂದು ಮನಸ್ಸು ಏನನ್ನು ಕೇಳುತ್ತದೆ, ಏನನ್ನು ಕೇಳದೆ ಬಿಡುತ್ತದೆ ಎಂಬುದನ್ನು ಇವನು ತೋರಿಸಿಕೊಟ್ಟನು. ದುಃಖದ ಮನೆಯಲ್ಲಿ ಅಥವಾ ಪರೀಕ್ಷೆಯ ಫಲ ಬರುವ ದಿನ ಕಿವಿ ಹೇಗೆ ಕೆಲಸ ಮಾಡುವುದೆಂದು ಬಲ್ಲ ನಮ್ಮ ವಾಚಕರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ.

ಮರುವರುಷದ ‘ಮರ್ಡರ್’ ಎಂಬ ಚಿತ್ರದಲ್ಲಿ ನಾಯಕನು ಕ್ಷೌರ ಮಾಡಿಕೊಳ್ಳುತ್ತ ತನ್ನೊಳಗೆ ಯೋಚಿಸುವುದು ಪ್ರೇಕ್ಷಕರಿಗೆ ಕೇಳಬೇಕು, ಹಿನ್ನೆಲೆಯಲ್ಲಿ ರೇಡಿಯೋ ಸಂಗೀತವೂ ಕೇಳಬೇಕು. ಆಮೇಲೆ ಸೇರಿಸುವ ಅನುಕೂಲವಿಲ್ಲದಿದ್ದುದರಿಂದ ನಟನ ಮಾತುಗಳನ್ನು ಮೊದಲೇ ಗ್ರಹಿಸಿಟ್ಟು, ಮೂವತ್ತು ಮಂದಿ ವಾದ್ಯಗಾರರನ್ನು ಸ್ಟುಡಿಯೋದ ಗೋಡೆಯ ಹಿಂದೆ ಕೂರಿಸಿ ನುಡಿಸಿದರಂತೆ. ೧೯೩೫ರ ‘ಮೂವತ್ತೊಂಬತ್ತು ಮೆಟ್ಟಲು’ಗಳಲ್ಲಿ ಹೆಣವನ್ನು ಕಂಡ ಕೆಲಸದವಳು ಚೀರಲು ಬಾಯಿ ತೆರೆದರೆ ಕೇಳುವುದು ರೈಲಿನ ಸಿಳ್ಳು, ಮರುಕ್ಷಣ ರೈಲು ಸುರಂಗದಿಂದ ನುಗ್ಗಿ ಬರುತ್ತದೆ, ಅದರೊಳಗೆ ತಪ್ಪಿಸಿಕೊಂಡು ಹೋಗುವ ನಾಯಕನಿದ್ದಾನೆ. ಇಂಥ ಜಾಣತನಗಳು ಆಗ ಅವನಲ್ಲಿ ತುಂಬಿ ತುಳುಕುತ್ತಿದ್ದವು.

ಜಾಣತನವು ಒಮ್ಮೆ ಕೈಕೊಟ್ಟಿತು. ೧೯೩೬ರ ‘ಸಬೋಟಾಜ್’ ಎಂಬ ಚಿತ್ರದಲ್ಲಿ ಒಬ್ಬ ಮುಗ್ಧ ಹುಡುಗನ ಕೈಯಲ್ಲಿ ಒಂದು ಗಂಟನ್ನು ಕೊಟ್ಟು ಕಳುಹಿಸುತ್ತಾರೆ. ಅದರೊಳಗೆ ಬಾಂಬಿರುವುದು ಪ್ರೇಕ್ಷಕರಿಗೆ ಗೊತ್ತು, ಸಿಡಿಯುವ ಗಳಿಗೆಯೂ ಗೊತ್ತು, ಹುಡುಗನಿಗೆ ಗೊತ್ತಿಲ್ಲ. ಅವನು ಬೀದಿಯ ಮೆರವಣಿಗೆಯನ್ನು ನೋಡುತ್ತ ನಿಲ್ಲುತ್ತಾನೆ, ಬಸ್ಸಿನಲ್ಲಿ ಒಂದು ನಾಯಿಮರಿಯೊಡನೆ ಆಡುತ್ತಾನೆ; ಗಡಿಯಾರದ ಮುಳ್ಳು ಸರಿಯುತ್ತದೆ; ದಾರಿಯ ದೀಪಗಳು ಬಸ್ಸನ್ನು ತಡೆಯುತ್ತವೆ. ಕೊನೆಗೆ ಬಾಂಬು ಸಿಡಿದೇಬಿಡುತ್ತದೆ. ಜನರು ಸಿಟ್ಟಾದರು, ಅದು ನ್ಯಾಯವಾದ ಸಿಟ್ಟೆಂದೇ ನಾವು ಹೇಳುವೆವು. ಅಷ್ಟು ಹೊತ್ತು ಉಸಿರು ಬಿಗಿಹಿಡಿದು ಕಾದವರಿಗೆ ಬಿಡುಗಡೆ ಕೊಡಬೇಕಾಗಿತ್ತೆಂದು ಹಿಚ್‌ಕಾಕನೂ ಮುಂದೆ ಒಪ್ಪಿಕೊಂಡನು.

ಇಲ್ಲಿ ಸ್ವಲ್ಪ ಮುಂದಿನ ಕಾಲಕ್ಕೆ ಹೋಗಬೇಕಾಗಿದೆ. ೧೯೬೨ರಲ್ಲಿ ಫ್ರಾನ್ಸಿನ ತರುಣ ನಿರ್ದೇಶಕ ತ್ರುಫೋ ಎಂಬವನು ಅಮೆರಿಕಕ್ಕೆ ಬಂದು ಹಲವು ದಿವಸ ಇವನೊಡನೆ ಸಂಭಾಷಿಸಿ ಅದನ್ನು ೧೯೬೬ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ಅದರಲ್ಲಿ ಹಿಚ್‌ಕಾಕನು ತನ್ನ ವಿದ್ಯೆಯ ಗುಟ್ಟನ್ನು ಒಂದು ಮೇಜಿನ ದೃಷ್ಟಾಂತದಿಂದ ಹೇಳಿರುವನು. ಕೆಲವರು ಮೇಜಿನ ಸುತ್ತ ಕುಳಿತು ಹರಟುತ್ತಿರುವಾಗ ಥಟ್ಟನೆ ಅದರ ಕೆಳಗೆ ಬಾಂಬು ಸಿಡಿದರೆ ಪ್ರೇಕ್ಷಕನು ಕೆಲವು ಕ್ಷಣ ಬೆಚ್ಚುವನು. ಆದರೆ ಬಾಂಬಿಟ್ಟವನನ್ನು ಪ್ರೇಕ್ಷಕನಿಗೆ ಮೊದಲೇ ತೋರಿಸಿ, ಗೋಡೆಯ ಗಡಿಯಾರವನ್ನೂ ತೋರಿಸಿ, ಆಮೇಲೆ ಅದೇ ಹರಟೆಯನ್ನು ನಡೆಸಿದರೆ ಅವನು ನಿಮಿಷಗಟ್ಟಲೆ ತಳಮಳಿಸುವನು. ಬೆಚ್ಚುವಿಕೆ ಬೇರೆ, ಉತ್ಕಂಠೆ ಬೇರೆ. ಒಂದು ಅಜ್ಞಾನದಿಂದ ಬರುವುದು, ಇನ್ನೊಂದು ಜ್ಞಾನದಿಂದ. ಕ್ಯಾಮೆರಾ, ಬೆಳಕು, ಸದ್ದು ಈ ಮೂರನ್ನೂ ಅವನು ಇದಕ್ಕಾಗಿಯೇ ದುಡಿಸಿದನು: ತೆರೆಯ ಮೇಲಿನವರಿಗೆ ತಿಳಿಯದ್ದು ಕುರ್ಚಿಯ ಮೇಲಿನವರಿಗೆ ತಿಳಿಯಬೇಕು, ತಿಳಿದೂ ಕೂಗಿ ಎಚ್ಚರಿಸಲಾರದೆ ಅವರು ಕೈ ಹಿಸುಕಿಕೊಳ್ಳಬೇಕು.

೧೯೩೯ರಲ್ಲಿ ಹಿಚ್‌ಕಾಕನ ಕುಟುಂಬವು ಅಮೆರಿಕಕ್ಕೆ ಹೋಗಿ ನೆಲೆಸಿತು. ಅವರೊಡನೆ ಜೋನ್ ಹ್ಯಾರಿಸನ್ ಎಂಬವಳೂ ಹೋದಳು. ೧೯೩೩ರಲ್ಲಿ ಪತ್ರಿಕೆಯ ಜಾಹೀರಾತನ್ನು ಕಂಡು ಕಾರ್ಯದರ್ಶಿಯ ಕೆಲಸಕ್ಕೆ ಬಂದ ಈಕೆಯು ಚಿತ್ರಕಥೆಗಳನ್ನು ಬರೆಯುವುದನ್ನು ಕಲಿತು, ಮುಂದೆ ತಾನೇ ಚಿತ್ರಗಳ ನಿರ್ಮಾಪಕಿಯಾಗಿ, ೧೯೫೫ರಲ್ಲಿ ಆರಂಭವಾದ ಹಿಚ್‌ಕಾಕನ ಟೆಲಿವಿಷನ್ ಕಥಾಮಾಲೆಯನ್ನು ನಡೆಸಿದಳು. ಆ ಕಾಲದ ಹಾಲಿವುಡ್ಡಿನಲ್ಲಿ ಸ್ತ್ರೀಯರಿಗೆ ಅಂಥ ಅಧಿಕಾರ ಸಿಕ್ಕುವುದು ಬಹು ಅಪರೂಪವಾಗಿತ್ತು.

ಅಮೆರಿಕದ ಮೊದಲ ಚಿತ್ರವಾದ ‘ರೆಬೆಕಾ’ (೧೯೪೦) ಆ ವರುಷದ ಅತ್ಯುತ್ತಮ ಚಿತ್ರವೆಂದು ಆಸ್ಕರ್ ಬಹುಮಾನ ಪಡೆಯಿತು. ಬಹುಮಾನವು ನಿರ್ಮಾಪಕನಿಗೆ ಹೋಯಿತು. ದೊಡ್ಡ ಮನೆಗೆ ಹೊಸದಾಗಿ ಬಂದ ಎಳೆಯ ವಧುವನ್ನು ಹೆದರಿಸುವ ಮನೆವಾರ್ತೆಯವಳು ಅದರಲ್ಲಿ ನಡೆದು ಬರುವುದು ಕಾಣುವುದೇ ಅಪರೂಪ. ವಧುವು ತಲೆಯೆತ್ತಿದರೆ ಆಕೆ ಅಲ್ಲಿ ನಿಂತಿರುತ್ತಾಳೆ. ನಡೆದು ಬರುವವಳು ಮನುಷ್ಯಳು, ನಡೆಯದೆ ಬಂದವಳು ಬೇರೆ ಏನೋ ಎಂಬ ಲೆಕ್ಕ. ಮರುವರುಷದ ‘ಸಸ್ಪಿಷನ್’ ಎಂಬ ಚಿತ್ರದಲ್ಲಿ ಗಂಡನು ಕಾಯಿಲೆಯ ಹೆಂಡತಿಗೆಂದು ಒಂದು ಲೋಟ ಹಾಲನ್ನು ಹಿಡಿದು ಕತ್ತಲೆಯ ಮೆಟ್ಟಲುಗಳನ್ನು ಹತ್ತುತ್ತಾನೆ. ಹಾಲಿನಲ್ಲಿ ವಿಷವಿದೆಯೋ ಇಲ್ಲವೋ ಎಂಬುದೇ ಪ್ರಶ್ನೆ. ನಮ್ಮ ಕಣ್ಣು ಗಂಡನ ಮುಖಕ್ಕೆ ಹೋಗದೆ ಹಾಲಿನ ಮೇಲೆಯೇ ನಾಟಬೇಕೆಂದು ಹಿಚ್‌ಕಾಕನು ಲೋಟದೊಳಗೆ ಒಂದು ಸಣ್ಣ ವಿದ್ಯುದ್ದೀಪವನ್ನು ಇಡಿಸಿದನು. ಕತ್ತಲೆಯಲ್ಲಿ ಹಾಲು ತಾನಾಗಿ ಹೊಳೆಯುತ್ತ ಮೇಲೇರುತ್ತದೆ. ತಾಯಂದಿರು ನಿತ್ಯವೂ ಮಕ್ಕಳ ಕೈಗೆ ಕೊಡುವ ಹಾಲು! ವಿದ್ಯುತ್ ಕಂಪನಿಯಲ್ಲಿ ಕಳೆದ ತಾರುಣ್ಯವು ವ್ಯರ್ಥವಾಗಲಿಲ್ಲ ಎನ್ನಬಹುದು.

ಮುಂದಿನ ಹದಿನೈದು ವರುಷಗಳ ಚಿತ್ರಗಳನ್ನೆಲ್ಲ ಹೆಸರಿಸಿ ವಾಚಕರನ್ನು ದಣಿಸಲಾರೆವು. ೧೯೫೪ರ ‘ರಿಯರ್ ವಿಂಡೋ’ ಒಂದನ್ನು ಹೇಳಿದರೆ ಸಾಕು. ಕಾಲು ಮುರಿದು ಕುರ್ಚಿಯಲ್ಲಿ ಕುಳಿತ ಛಾಯಾಗ್ರಾಹಕನು ಹಿತ್ತಿಲ ಕಿಟಕಿಯಿಂದ ನೆರೆಮನೆಗಳನ್ನು ನೋಡುತ್ತ ಒಂದು ಕೊಲೆಯ ಸುಳಿವನ್ನು ಹಿಡಿಯುತ್ತಾನೆ. ಕ್ಯಾಮೆರಾವು ಬಹುಮಟ್ಟಿಗೆ ಅವನ ಕೋಣೆಯನ್ನು ಬಿಟ್ಟು ಹೋಗುವುದಿಲ್ಲ. ಕೇಳುವುದು ಅಂಗಳದಾಚೆಯ ಸದ್ದುಗಳೇ: ಯಾರದೋ ಪಿಯಾನೋ, ಯಾರದೋ ಹಾಡಿನ ಅಭ್ಯಾಸ, ಮಕ್ಕಳ ಗಲಾಟೆ. ಕೊನೆಗೆ ಕೊಲೆಗಾರನು ಮೆಟ್ಟಲೇರಿ ಬರುವ ಭಾರವಾದ ಹೆಜ್ಜೆಗಳು ಕೇಳಿ, ಬಾಗಿಲ ಕೆಳಗಿನ ಬೆಳಕಿನ ಗೆರೆಯು ಆರಿಹೋಗುತ್ತದೆ. ಏಳಲಾರದವನ ಕೈಯಲ್ಲಿರುವ ಆಯುಧವೂ ಬೆಳಕೇ; ಫೋಟೋ ತೆಗೆಯುವ ಮಿಂಚುದೀಪವನ್ನು ಬಂದವನ ಕಣ್ಣಿಗೆ ಮತ್ತೆ ಮತ್ತೆ ಹಾರಿಸುತ್ತಾನೆ.

೧೯೬೦ರ ‘ಸೈಕೋ’ ಎಲ್ಲಕ್ಕಿಂತ ಹೆಚ್ಚು ಜನರನ್ನು ಹೆದರಿಸಿತು. ಅದು ಎಳೆಯರು ನೋಡತಕ್ಕ ಚಿತ್ರವಲ್ಲವೆಂದು ಮೊದಲೇ ಹೇಳಿಬಿಡುತ್ತೇವೆ. ಬಣ್ಣದ ಚಿತ್ರಗಳ ಕಾಲದಲ್ಲಿ ಅದನ್ನು ಕಪ್ಪುಬಿಳುಪಿನಲ್ಲಿ, ಟೆಲಿವಿಷನ್ ಕೆಲಸಗಾರರನ್ನು ಕಟ್ಟಿಕೊಂಡು, ಸ್ವಲ್ಪ ಹಣದಲ್ಲಿ ತೆಗೆದನು. ಸ್ನಾನಗೃಹದ ಕೊಲೆಯನ್ನು ಎಲ್ಲರೂ ಹೇಳುತ್ತಾರೆ. ಮುಕ್ಕಾಲು ನಿಮಿಷದ ಆ ದೃಶ್ಯಕ್ಕೆ ಏಳು ದಿನಗಳ ಕೆಲಸ ಹಿಡಿಯಿತು. ನಮಗೆ ಅದಕ್ಕಿಂತ ಮುಂಚಿನ ಭಾಗವೇ ಹೆಚ್ಚಿನದೆಂದು ತೋರುತ್ತದೆ. ಯಜಮಾನನ ಕಡೆಯ ನಲವತ್ತು ಸಾವಿರ ಡಾಲರು ಕದ್ದ ಯುವತಿಯೊಬ್ಬಳು ಕಾರಿನಲ್ಲಿ ಓಡುತ್ತಿರುವಳು. ತೋರಿಸುವುದು ಆಕೆಯ ಮುಖ ಮತ್ತು ಮುಂದಿನ ದಾರಿ, ಅಷ್ಟೇ. ನಾಳೆ ಕಚೇರಿಯಲ್ಲಿ ಯಾರು ಏನು ಹೇಳುವರೆಂಬುದು ಆಕೆಯ ತಲೆಯೊಳಗೆ ಧ್ವನಿಗಳಾಗಿ ನಮಗೆ ಕೇಳುತ್ತದೆ. ದಾರಿಯಲ್ಲಿ ಒಬ್ಬ ಪೊಲೀಸನು ಕಪ್ಪು ಕನ್ನಡಕ ಹಾಕಿಕೊಂಡು ಕಿಟಕಿಯಿಂದ ಇಣುಕುತ್ತಾನೆ. ತೆರೆಯೆಲ್ಲ ಅವನ ಮುಖವೇ, ಕಣ್ಣು ಮಾತ್ರ ಕಾಣದು. ಲೇಟನ್‌ಸ್ಟೋನಿನ ತರಕಾರಿ ವ್ಯಾಪಾರಿಯ ಮಗನು ಅರುವತ್ತನೆಯ ವಯಸ್ಸಿನಲ್ಲಿಯೂ ಆ ಠಾಣೆಯ ಬಾಗಿಲನ್ನು ಮರೆತಿರಲಿಲ್ಲ. ಮುಂದೆ ಕತ್ತಲೆ, ಮಳೆ, ಎದುರು ವಾಹನಗಳ ದೀಪ, ಕನ್ನಡಿಯನ್ನು ಒರಸುವ ಕಡ್ಡಿಗಳ ತಾಳ. ಹಿಂದೆ ಬರ್ನಾರ್ಡ್ ಹರ್ಮನ್ ಎಂಬ ಸಂಗೀತಗಾರನ ತಂತಿವಾದ್ಯಗಳು; ಕೊಳಲಾಗಲಿ ತುತ್ತೂರಿಯಾಗಲಿ ಡೋಲಾಗಲಿ ಆ ಚಿತ್ರದಲ್ಲಿ ಎಲ್ಲಿಯೂ ಇಲ್ಲ. ಚಿತ್ರಕ್ಕೆ ಬಣ್ಣವಿಲ್ಲದಂತೆ ಸಂಗೀತಕ್ಕೂ ಬಣ್ಣ ಬೇಡವೆಂದು ಹರ್ಮನನು ಎಣಿಸಿದ್ದನು. ಸ್ನಾನಗೃಹದ ದೃಶ್ಯಕ್ಕೆ ಸಂಗೀತವೇ ಬೇಡವೆಂದು ಹಿಚ್‌ಕಾಕನು ಹೇಳಿದ್ದರೂ ಹರ್ಮನನು ಬರೆದೇ ಬರೆದನು. ಕೇಳಿದ ಮೇಲೆ ಹಿಚ್‌ಕಾಕನು ತನ್ನ ಮಾತನ್ನು ಹಿಂದಕ್ಕೆ ತೆಗೆದುಕೊಂಡನು. ಪಿಟೀಲುಗಳು ಹಕ್ಕಿಗಳಂತೆ ಕಿರುಚುವ ಆ ಸದ್ದನ್ನು ಚಿತ್ರ ನೋಡದವರೂ ಬಲ್ಲರು.

ಚಿತ್ರವು ಸಿದ್ಧವಾಗಿ, ನೋಡಿದವರೆಲ್ಲರೂ ಸರಿಯೆಂದ ಮೇಲೆ ಆಲ್ಮಾ ನೋಡಿದಳು. ಸತ್ತು ಬಿದ್ದ ನಟಿಯಲ್ಲಿ ಜೀವದ ಒಂದು ಸೂಕ್ಷ್ಮ ಚಲನೆ ಉಳಿದಿರುವುದನ್ನು ಆಕೆ ಒಬ್ಬಳೇ ಕಂಡುಹಿಡಿದಳೆಂದು ಹೇಳುವರು. ಆ ತುಂಡನ್ನು ಕೂಡಲೆ ಸರಿಪಡಿಸಿದರು. ಇಸ್ಲಿಂಗ್ಟನಿನ ಹುಡುಗಿಯ ಕಣ್ಣು ನಲವತ್ತು ವರುಷಗಳಾದರೂ ಮಂಕಾಗಿರಲಿಲ್ಲ. ಕಥೆಯನ್ನು ಆರಿಸುವುದು ಮೊದಲ್ಗೊಂಡು ಕೊನೆಯ ಕತ್ತರಿಯ ವರೆಗೆ ಆಕೆಯ ಒಪ್ಪಿಗೆಯಿಲ್ಲದೆ ಹಿಚ್‌ಕಾಕನಿಗೆ ಸಮಾಧಾನವಿರುತ್ತಿರಲಿಲ್ಲ.

ಶಾಲೆಯ ಸಂಚಿಕೆಯಾದುದರಿಂದ ೧೯೬೩ರ ‘ದ ಬರ್ಡ್ಸ್’, ಎಂದರೆ ‘ಹಕ್ಕಿಗಳು’, ಎಂಬ ಚಿತ್ರದ ಶಾಲೆಯ ದೃಶ್ಯವನ್ನು ಬಿಡಲಾರೆವು. ಇಲ್ಲಿ ಪಾತಕಿಗಳು ಮನುಷ್ಯರಲ್ಲ. ಆದರೆ ವಿದ್ಯೆ ಅದೇ. ಒಂದು ಕಡಲೂರಿನ ಮೇಲೆ ಹಕ್ಕಿಗಳು ಕಾರಣವಿಲ್ಲದೆ ಎರಗುತ್ತಿವೆ. ನಾಯಕಿಯು ಶಾಲೆಯ ಹೊರಗೆ ಬೆಂಚಿನ ಮೇಲೆ ಕುಳಿತಿದ್ದಾಳೆ. ಒಳಗೆ ಮಕ್ಕಳು ಹಾಡು ಹೇಳುತ್ತಿವೆ. ಮುಗಿಯಿತೆಂದರೆ ಮುಗಿಯದು, ಸುತ್ತಿ ಸುತ್ತಿ ಬರುವ ಹಾಡು. ಆಕೆಯ ಬೆನ್ನ ಹಿಂದೆ ಮಕ್ಕಳು ಹತ್ತಿ ಆಡುವ ಕಬ್ಬಿಣದ ಸರಳುಗಳ ಚೌಕಟ್ಟಿನ ಮೇಲೆ ಒಂದು ಕಾಗೆ ಬಂದು ಕೂರುತ್ತದೆ. ಆಕೆಯ ಮುಖ; ನಾಲ್ಕು ಕಾಗೆಗಳು; ಮತ್ತೆ ಆಕೆಯ ಮುಖ. ಈ ಸಲ ಕ್ಯಾಮೆರಾವು ಆಕೆಯ ಮುಖವನ್ನು ಬಿಟ್ಟು ಅಲುಗುವುದೇ ಇಲ್ಲ. ಹಿಂದೆ ಏನಾಗುತ್ತಿದೆಯೆಂದು ನೋಡಲು ನಾವು ಕತ್ತು ಚಾಚುತ್ತೇವೆ, ತೋರಿಸುವುದಿಲ್ಲ. ಒಳಗಿನ ಹಾಡು ನಡೆಯುತ್ತಲೇ ಇದೆ. ಕೊನೆಗೆ ಆಕೆ ಆಕಾಶದಲ್ಲಿ ಹಾರುವ ಒಂದು ಕಾಗೆಯನ್ನು ಕಂಡು ಕಣ್ಣಿನಿಂದ ಹಿಂಬಾಲಿಸುತ್ತಾಳೆ. ಅದು ಇಳಿಯುವ ಚೌಕಟ್ಟು ತುದಿಯಿಂದ ಬುಡದ ವರೆಗೆ ಕಪ್ಪಾಗಿದೆ. ಉಪಾಧ್ಯಾಯಿನಿಯು ಮಕ್ಕಳನ್ನು ಸದ್ದಿಲ್ಲದೆ ಸಾಲಾಗಿ ಹೊರಡಿಸುತ್ತಾಳೆ. ಆಗಲೂ ತೋರಿಸುವುದು ಮಕ್ಕಳನ್ನಲ್ಲ, ಕುಳಿತ ಕಾಗೆಗಳನ್ನು. ಥಟ್ಟನೆ ಓಡುವ ಎಳೆಯ ಪಾದಗಳ ಸದ್ದು ಕೇಳುತ್ತದೆ, ಕಾಗೆಗಳು ಏಳುತ್ತವೆ. ಚಿತ್ರದಲ್ಲಿ ಹಿನ್ನೆಲೆ ಸಂಗೀತವೇ ಇಲ್ಲ. ಹಕ್ಕಿಗಳ ಕೂಗು, ರೆಕ್ಕೆಯ ಬಡಿತಗಳನ್ನು ಜರ್ಮನಿಯ ಓಸ್ಕರ್ ಸಾಲಾ ಎಂಬವನು ಟ್ರೌಟೋನಿಯಮ್ ಎಂಬ ವಿದ್ಯುತ್ ವಾದ್ಯದಿಂದ ಹುಟ್ಟಿಸಿದನು. ಹಿಚ್‌ಕಾಕನು ನಿಶ್ಶಬ್ದವನ್ನು ಕೂಡ ಬೇಕಾದ ಅಳತೆಗೆ ಮಾಡಿಸುತ್ತಿದ್ದನು.

ಆ ನಾಯಕಿಯ ವಿಷಯದಲ್ಲಿ ಒಂದು ಮಾತನ್ನು ಮರೆಮಾಚುವುದು ಹೆಣ್ಣುಮಕ್ಕಳಿಗಾಗಿ ಬರೆಯುವವರಿಗೆ ತಕ್ಕುದಲ್ಲ. ಟಿಪ್ಪಿ ಹೆಡ್ರೆನ್ ಎಂಬ ಆ ನಟಿಯು ೨೦೧೬ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ, ಹಿಚ್‌ಕಾಕನು ತನ್ನೊಡನೆ ಅನುಚಿತವಾಗಿ ವರ್ತಿಸಿದನೆಂದೂ, ತಾನು ಒಪ್ಪದಿದ್ದುದಕ್ಕೆ ಕರಾರಿನಲ್ಲಿ ಕಟ್ಟಿಹಾಕಿ ತನ್ನ ಉದ್ಯೋಗವನ್ನು ಕೆಡಿಸಿದನೆಂದೂ ಬರೆದಿರುವಳು. ಅಟ್ಟದ ದೃಶ್ಯಕ್ಕೆ ಯಂತ್ರದ ಹಕ್ಕಿಗಳೆಂದು ಹೇಳಿ, ಐದು ದಿನ ನಿಜವಾದ ಹಕ್ಕಿಗಳನ್ನು ಆಕೆಯ ಮೇಲೆ ಎಸೆಸಿದರು. ಕಣ್ಣಿನ ಬಳಿ ಗಾಯವಾಗಿ, ವೈದ್ಯನು ವಿಶ್ರಾಂತಿಯನ್ನು ವಿಧಿಸಬೇಕಾಯಿತು. ಆತನೊಡನೆ ಕೆಲಸ ಮಾಡಿದ ಬೇರೆ ನಟಿಯರಲ್ಲಿ ಹಲವರು ಅವನನ್ನು ಗೌರವದಿಂದಲೇ ನೆನೆದಿರುವುದೂ ನಿಜ. ಆದರೆ ಅದರಿಂದ ಇದು ಅಳಿಸಿಹೋಗುವುದಿಲ್ಲ. ತೆರೆಯ ಮೇಲೆ ತೋರಿಸಬೇಕಾದ ಭಯಕ್ಕಾಗಿ ನಿಜವಾದ ಭಯವನ್ನು ಒಬ್ಬ ಹೆಣ್ಣಿನ ಮೇಲೆ ಹೊರಿಸಿದ್ದು ಕಲೆಯ ದೃಷ್ಟಿಯಿಂದಲೂ ಅನಾವಶ್ಯಕವಾಗಿತ್ತೆಂದು ನಮ್ಮ ಅಭಿಪ್ರಾಯ. ಹಾಲಿನ ಲೋಟದಲ್ಲಿ ದೀಪವಿಟ್ಟವನಿಗೆ ಬೇರೆ ಉಪಾಯ ತಿಳಿದಿತ್ತು.

ಅಲ್ಲಿಂದ ಮುಂದೆ ಅವನ ಬಲವು ಕುಂದುತ್ತ ಬಂತು. ೧೯೬೬ರಲ್ಲಿ ಹರ್ಮನನೊಡನೆ ಜಗಳವಾಗಿ ಇಬ್ಬರೂ ಬೇರೆಯಾದರು. ನಷ್ಟವು ಇಬ್ಬರಿಗೂ ಆಯಿತು. ಅತ್ಯುತ್ತಮ ನಿರ್ದೇಶಕನ ಆಸ್ಕರಿಗೆ ಐದು ಸಲ ಹೆಸರು ಬಂದರೂ ಒಮ್ಮೆಯೂ ದೊರೆಯಲಿಲ್ಲ. ೧೯೭೧ರಲ್ಲಿ ‘ಫ್ರೆಂಜಿ’ ಎಂಬ ಚಿತ್ರಕ್ಕಾಗಿ ಅವನು ಲಂಡನಿಗೆ ಹಿಂದಿರುಗಿ, ಕೋವೆಂಟ್ ಗಾರ್ಡನಿನ ಹಣ್ಣು ತರಕಾರಿಗಳ ಮಾರುಕಟ್ಟೆಯಲ್ಲಿ ಕ್ಯಾಮೆರಾವನ್ನು ನಿಲ್ಲಿಸಿದನು. ಆ ಸಮಯದಲ್ಲಿಯೇ ಆಲ್ಮಾಳಿಗೆ ಪಾರ್ಶ್ವವಾಯು ಬಡಿಯಿತು. ಆ ಚಿತ್ರದಲ್ಲಿ ಕೊಲೆಗಾರನು ಒಬ್ಬ ಹೆಣ್ಣನ್ನು ನಯವಾದ ಮಾತಿನಿಂದ ಮೇಲಿನ ಕೋಣೆಗೆ ಕರೆದುಕೊಂಡು ಹೋಗುತ್ತಾನೆ. ಬಾಗಿಲು ಮುಚ್ಚಿಕೊಳ್ಳುತ್ತದೆ. ಕ್ಯಾಮೆರಾವು ಒಳಗೆ ಹೋಗುವುದಿಲ್ಲ. ಮೆಲ್ಲನೆ ಹಿಂದೆ ಸರಿದು, ಮೌನವಾದ ಮೆಟ್ಟಲುಗಳನ್ನು ಇಳಿದು, ಓಣಿಯಿಂದ ಬೀದಿಗೆ ಬರುತ್ತದೆ. ಒಮ್ಮೆಲೆ ಬೀದಿಯ ಗದ್ದಲವು ಕಿವಿಗೆ ತುಂಬುತ್ತದೆ, ಹೊರೆಯಾಳುಗಳು ಮೂಟೆ ಹೊತ್ತು ದಾಟುತ್ತಾರೆ. ಮೇಲಿನ ಕಿಟಕಿಯು ಸುಮ್ಮನೆ ನಿಂತಿದೆ. ಈ ಗದ್ದಲದಲ್ಲಿ ಆಕೆ ಕೂಗಿದರೆ ಯಾರಿಗೆ ಕೇಳೀತು? ಅವನ ದೃಶ್ಯಗಳಲ್ಲೆಲ್ಲ ಅತಿ ಭಯಂಕರವಾದದ್ದು ಇದೆಂದು ನಾವು ಎಣಿಸುತ್ತೇವೆ. ಇದರಲ್ಲಿ ಕಾಣುವುದು ಮೆಟ್ಟಲು ಮತ್ತು ಗೋಡೆ.

೧೯೭೬ರಲ್ಲಿ ಐವತ್ತಮೂರನೆಯದೂ ಕಡೆಯದೂ ಆದ ಚಿತ್ರವು ಹೊರಬಂತು. ಕೀಲುನೋವಿನಿಂದ ನಡೆಯುವುದು ಕಷ್ಟವಾಯಿತು. ೧೯೭೯ರ ಮಾರ್ಚಿಯಲ್ಲಿ ಅಮೆರಿಕದ ಚಿತ್ರಸಂಸ್ಥೆಯೊಂದು ಅವನ ಜೀವಮಾನದ ಸೇವೆಗೆ ಗೌರವ ಸಲ್ಲಿಸಿದಾಗ, ಅವನು ಎದ್ದು ನಾಲ್ವರಿಗೆ ಮಾತ್ರ ವಂದನೆ ಸಲ್ಲಿಸಲು ಅಪ್ಪಣೆ ಬೇಡಿದನು. ಒಬ್ಬರು ಚಿತ್ರಗಳನ್ನು ಕತ್ತರಿಸಿ ಜೋಡಿಸಿದವರು, ಒಬ್ಬರು ಕಥೆ ಬರೆದವರು, ಒಬ್ಬರು ತನ್ನ ಮಗಳ ತಾಯಿ, ಒಬ್ಬರು ಮನೆಯ ಅಡುಗೆಯಲ್ಲಿ ಅದ್ಭುತಗಳನ್ನು ಮಾಡಿದವರು. ನಾಲ್ವರ ಹೆಸರೂ ಆಲ್ಮಾ ರೆವಿಲ್ ಎಂದು ಹೇಳಿದನು. ಆಕೆ ಅದೇ ಸಭೆಯಲ್ಲಿ ಕುಳಿತಿದ್ದಳು. ಆ ಮಾತಿಗೂ ಪ್ರೇಕ್ಷಕರನ್ನು ಕ್ಷಣಕಾಲ ಕಾಯಿಸಿಯೇ ಉತ್ತರ ಕೊಟ್ಟನೆಂಬುದನ್ನು ವಾಚಕರು ಗಮನಿಸಿರಬಹುದು.

೧೯೮೦ರ ಹೊಸವರುಷದ ಗೌರವಪಟ್ಟಿಯಲ್ಲಿ ಬ್ರಿಟನ್ನಿನ ರಾಣಿಯಿಂದ ನೈಟ್ ಪದವಿಯು ಬಂತು. ಅದೇ ವರುಷ ಏಪ್ರಿಲ್ ೨೯ರಂದು ಲಾಸ್ ಏಂಜಲೀಸಿನ ತನ್ನ ಮನೆಯಲ್ಲಿ ಸರ್ ಆಲ್ಫ್ರೆಡ್ ಹಿಚ್‌ಕಾಕನು ಎಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡನು. ಅವನ ಬೂದಿಯನ್ನು ಶಾಂತಸಾಗರದಲ್ಲಿ ಬಿಟ್ಟರು. ಆಲ್ಮಾ ಎರಡು ವರುಷಗಳ ತರುವಾಯ, ೧೯೮೨ರ ಜುಲಾಯಿ ತಿಂಗಳಲ್ಲಿ ತೀರಿಕೊಂಡಳು.